ಆರ್ಗ್ ಮೋಡ್‌ನಲ್ಲಿ ಕನ್ನಡ ಬರೆಯುವವರು ಪದೇ ಪದೇ ಕೇಳುವ ಪ್ರಶ್ನೆಗಳು

ಸುಂಟಿಕೊಪ್ಪದ ಹತ್ತಿರ ನಮ್ಮದೊಂದು ಸಣ್ಣ ಕಾಫಿ ತೋಟ. ಮಳೆ ಲೆಕ್ಕ, ಆಳಿನ ಲೆಕ್ಕ, ಔಷಧಿ ಹೊಡೆದ ದಿನ, ಬ್ಯಾಂಕಿನ ಕಂತು ಎಲ್ಲವನ್ನೂ ನಾನು ಇಮ್ಯಾಕ್ಸ್ ಎಂಬ ಬರೆಯುವ ತಂತ್ರಾಂಶದ ಒಳಗಿನ ಆರ್ಗ್ ಮೋಡ್‌ನಲ್ಲಿ ಬರೆದಿಡುತ್ತೇನೆ. ಅದನ್ನು ನೋಡಿ ಕೆಲವರು ತಾವೂ ಶುರು ಮಾಡಿದರು. ಆಮೇಲೆ ಫೋನ್ ಬರತೊಡಗಿತು. ಮದುವೆ ಮನೆಯ ಪಂಕ್ತಿಯಲ್ಲಿ, ಕಾಫಿ ಕಣದಲ್ಲಿ, ಮಡಿಕೇರಿ ಬಸ್ಸಿನಲ್ಲಿ ಕೇಳಿದ್ದನ್ನೇ ಕೇಳುತ್ತಾರೆ. ಅವೇ ಪ್ರಶ್ನೆಗಳು, ಅವರದೇ ಮಾತಿನಲ್ಲಿ, ಇಲ್ಲಿವೆ.

ಓದುವ ಮೊದಲು ಒಂದು ವಿಷಯ. ಕೀಲಿಗಳ, ಸೆಟ್ಟಿಂಗುಗಳ ಹೆಸರನ್ನು ಕೇಳಿಸುವ ಹಾಗೆ ಕನ್ನಡದಲ್ಲಿ ಬರೆದಿದ್ದೇನೆ. ಟೈಪ್ ಮಾಡುವಾಗ ಇಂಗ್ಲಿಷ್ ಅಕ್ಷರವೇ ಬೇಕು. ಸ್ಪೆಲ್ಲಿಂಗ್ ಅನುಮಾನ ಬಂದರೆ ಮೊದಲ ನಾಲ್ಕು ಅಕ್ಷರ ಹಾಕಿ ಟ್ಯಾಬ್ ಒತ್ತಿ, ಉಳಿದದ್ದನ್ನು ಇಮ್ಯಾಕ್ಸ್ ತೋರಿಸುತ್ತದೆ.

## ಶುರು ಮಾಡುವವರಿಗೆ

ಇದೇನು, ಆ್ಯಪಾ? ದುಡ್ಡು ಕೊಡಬೇಕಾ?

ಆ್ಯಪ್ ಅಲ್ಲ. ಇಮ್ಯಾಕ್ಸ್ ಎಂಬ ಎಡಿಟರಿನ ಒಂದು ಭಾಗ. ಕಾರ್ಸ್ಟನ್ ಡೊಮಿನಿಕ್ ಎಂಬ ಖಗೋಳ ವಿಜ್ಞಾನಿ 2003ರಲ್ಲಿ ತಮ್ಮ ಟಿಪ್ಪಣಿಗಳನ್ನು ಜೋಡಿಸಿಕೊಳ್ಳಲು ಇದನ್ನು ಬರೆದರು. 2007ರಲ್ಲಿ ಬಂದ ಇಮ್ಯಾಕ್ಸ್ 22ರಿಂದ ಜೊತೆಯಲ್ಲೇ ಸಿಗುತ್ತದೆ. ಇಮ್ಯಾಕ್ಸ್ ಹಾಕಿಕೊಂಡರೆ ಆರ್ಗ್ ಬೇರೆ ಹಾಕಬೇಕಿಲ್ಲ. ದುಡ್ಡಿಲ್ಲ, ಖಾತೆ ತೆರೆಯುವ ಗೋಜಿಲ್ಲ, ನೆಟ್‌ವರ್ಕ್ ಬೇಡ. ಕೊನೆಯದು ನಮ್ಮ ಕಡೆಗೆ ಮುಖ್ಯ. ಆಟಿಯ ಮಳೆಯಲ್ಲಿ ಟವರ್ ಬಿದ್ದರೆ ಮೂರು ದಿನ ಸಿಗ್ನಲ್ ಇರುವುದಿಲ್ಲ, ಅಲ್ವಾ?

ನಾಳೆ ಇಮ್ಯಾಕ್ಸೇ ಬೇಡ ಅನ್ನಿಸಿದರೆ ಬರೆದದ್ದೆಲ್ಲ ಹೋಗುತ್ತಾ?

ಹೋಗಲ್ಲ. ಫೈಲು ಬರೀ ಅಕ್ಷರ. ನೋಟ್‌ಪ್ಯಾಡಿನಲ್ಲೂ ತೆರೆಯುತ್ತದೆ. ತಲೆಬರಹದ ಮುಂದೆ ಒಂದು ನಕ್ಷತ್ರ, ಒಳ ತಲೆಬರಹಕ್ಕೆ ಎರಡು, ಪಟ್ಟಿಗೆ ಅಡ್ಡಗೀಟು, ಅಷ್ಟೇ. ಇದಕ್ಕೆ ಮುಂಚೆ ನಾನು ಒಂದು ಕಂಪನಿಯ ನೋಟ್ ಆ್ಯಪ್‌ನಲ್ಲಿ ನಾಲ್ಕು ವರ್ಷದ ಕುಯ್ಲಿನ ಲೆಕ್ಕ ಇಟ್ಟಿದ್ದೆ. ಅವರು ಅಂಗಡಿ ಮುಚ್ಚಿದರು. ನನ್ನ ಕೈಗೆ ಸಿಕ್ಕಿದ್ದು ತೆರೆಯಲಾಗದ ಒಂದು ಫೈಲು.

ಕನ್ನಡ ಅಕ್ಷರದ ಬದಲು ಬರೀ ಚೌಕ ಚೌಕ ಕಾಣ್ತಿದೆ, ಏನ್ ಮಾಡ್ಲಿ?

ಕನ್ನಡದ ಫಾಂಟ್ ಇಲ್ಲ. ನೋಟೋ ಸ್ಯಾನ್ಸ್ ಕನ್ನಡ, ಲೋಹಿತ್, ಗುಬ್ಬಿ, ನವಿಲು ಇವುಗಳಲ್ಲಿ ಯಾವುದಾದರೂ ಒಂದನ್ನು ಹಾಕಿ ಇಮ್ಯಾಕ್ಸ್ ಮುಚ್ಚಿ ತೆರೆಯಿರಿ. ಅಕ್ಷರ ಬಂದರೂ ಒತ್ತಕ್ಷರ ಬಿಡಿಬಿಡಿಯಾಗಿ ಕಂಡರೆ ಎರಡು ಕಾರಣ ಇರಬಹುದು. ಒಂದು, ಇಮ್ಯಾಕ್ಸ್ ಹಳೆಯದು. 2020ರಲ್ಲಿ ಬಂದ 27ನೇ ಆವೃತ್ತಿಯಿಂದ ಅಕ್ಷರ ಕೂಡಿಸುವ ಕೆಲಸ ಹಾರ್ಫ್‌ಬಜ್ ಎಂಬ ತಂತ್ರಾಂಶ ಮಾಡುತ್ತದೆ, ಅಲ್ಲಿಂದೀಚೆಗೆ ಕನ್ನಡ ಚೆನ್ನಾಗಿ ಕೂರುತ್ತದೆ. ಇನ್ನೊಂದು, ನೀವು ಟರ್ಮಿನಲ್ ಒಳಗೆ ತೆರೆದಿದ್ದೀರಿ. ಸುಮಾರು ಟರ್ಮಿನಲ್‌ಗಳಿಗೆ ನಮ್ಮ ಒತ್ತಕ್ಷರ ಬರುವುದಿಲ್ಲ. ಬೇರೆ ಕಿಟಕಿಯಲ್ಲೇ ತೆರೆಯಿರಿ.

ಕನ್ನಡ ಕೀಬೋರ್ಡ್ ಆನ್ ಮಾಡಿದ ಕೂಡಲೇ ಒಂದು ಶಾರ್ಟ್‌ಕಟ್ಟೂ ಕೆಲಸ ಮಾಡಲ್ಲ!

ಇದು ಎಲ್ಲರೂ ಎಡವುವ ಕಲ್ಲು. ಲಿನಕ್ಸಿನಲ್ಲಿ ಇನ್‌ಸ್ಕ್ರಿಪ್ಟ್ ಕೀಬೋರ್ಡ್ ಆನ್ ಇಟ್ಟು ಕಂಟ್ರೋಲ್-ಸಿ ಒತ್ತಿ ನೋಡಿ. ಕೆಳಗಿನ ಸಾಲಿನಲ್ಲಿ 'ಸಿ-ಮ' (ಇಲ್ಲಿ ಸಿ ಅಂದರೆ ಕಂಟ್ರೋಲ್) ಎಂಬ ಕೀಲಿಗೆ ಅರ್ಥವಿಲ್ಲ ಅನ್ನುತ್ತದೆ. ಇನ್‌ಸ್ಕ್ರಿಪ್ಟ್‌ನಲ್ಲಿ ಆ ಕೀಲಿಯ ಮೇಲೆ ಇರುವುದು 'ಮ'. ಇಮ್ಯಾಕ್ಸ್ ಪಾಪ ಅದನ್ನೇ ಓದುತ್ತದೆ.

ಪರಿಹಾರ ಸುಲಭ. ಸಿಸ್ಟಮ್ಮಿನ ಕೀಬೋರ್ಡ್ ಇಂಗ್ಲಿಷಿನಲ್ಲೇ ಇರಲಿ. ಇಮ್ಯಾಕ್ಸ್ ಒಳಗಿನ ಕನ್ನಡ ಬಳಸಿ: ಕಂಟ್ರೋಲ್ ಜೊತೆ ಹಿಂಗೀಟು (\) ಒತ್ತಿ, 'ಕನ್ನಡ-ಐಟ್ರಾನ್ಸ್' ಅಥವಾ 'ಕನ್ನಡ-ಇನ್‌ಸ್ಕ್ರಿಪ್ಟ್' ಆರಿಸಿ. ಮತ್ತೆ ಅದೇ ಕೀಲಿ ಒತ್ತಿದರೆ ಇಂಗ್ಲಿಷ್. ಹೀಗೆ ಮಾಡಿದರೆ ಕನ್ನಡದಲ್ಲಿ ಬರೆಯುತ್ತಿರುವಾಗಲೂ ಶಾರ್ಟ್‌ಕಟ್ ಎಲ್ಲ ಮಾಮೂಲಿ ಓಡುತ್ತವೆ.

ಬ್ಯಾಕ್‌ಸ್ಪೇಸ್ ಒತ್ತಿದ್ರೆ ಅರ್ಧ ಅಕ್ಷರ ಮಾತ್ರ ಅಳಿಯುತ್ತೆ, ಕೆಟ್ಟಿದೆಯಾ?

ಕೆಟ್ಟಿಲ್ಲ. ಬ್ಯಾಕ್‌ಸ್ಪೇಸ್ ಕೊನೆಯ ಗುಣಿತವನ್ನೋ ಒತ್ತನ್ನೋ ಮಾತ್ರ ತೆಗೆಯುತ್ತದೆ. ಡಿಲೀಟ್ ಕೀಲಿ ಮುಂದಿನ ಅಕ್ಷರವನ್ನು ಇಡಿಯಾಗಿ ತೆಗೆಯುತ್ತದೆ. ರೂಢಿಯಾದರೆ ಇದೇ ಅನುಕೂಲ.

ಹಳೇ ನುಡಿ ಫೈಲನ್ನು ಇಲ್ಲಿ ಅಂಟಿಸಿದರೆ ಏನೇನೋ ಬರುತ್ತೆ.

ಹಳೆಯ ನುಡಿ, ಬರಹದ ಫೈಲುಗಳಲ್ಲಿ ನಿಜವಾದ ಕನ್ನಡ ಇಲ್ಲ. ಇಂಗ್ಲಿಷ್ ಅಕ್ಷರಕ್ಕೆ ಕನ್ನಡದ ವೇಷ ಹಾಕಿದ ಫಾಂಟ್ ಅದು. ಫಾಂಟ್ ತೆಗೆದರೆ ತಲೆಯ ಮೇಲೆ ಗೆರೆ, ಚುಕ್ಕಿ ಹೊತ್ತ ಇಂಗ್ಲಿಷ್ ಉಳಿಯುತ್ತದೆ. ಮೊದಲು ಯೂನಿಕೋಡ್‌ಗೆ ಬದಲಿಸಿಕೊಂಡು ಆಮೇಲೆ ಅಂಟಿಸಿ. ಬದಲಿಸಿದ ಮೇಲೆ ಅರ್ಕಾವತ್ತು ಇರುವ ಪದಗಳನ್ನು ಒಮ್ಮೆ ಕಣ್ಣಾಡಿಸಿ. ತಪ್ಪು ಜಾಸ್ತಿ ಅಡಗುವುದು ಅಲ್ಲೇ.

ಎಲ್ಲರೂ 'ಕಂಟ್ರೋಲ್-ಸಿ ಎ' ಒತ್ತು ಅಂತಾರೆ, ನಂದರಲ್ಲಿ ಏನೂ ಆಗಲ್ಲ.

ಆಗುವುದಿಲ್ಲ. ಅಜೆಂಡಾ (ಕೆಲಸಗಳನ್ನು ದಿನದ ಪ್ರಕಾರ ತೋರಿಸುವ ನೋಟ), ಕ್ಯಾಪ್ಚರ್ (ಹೊಳೆದದ್ದನ್ನು ತಕ್ಷಣ ಬರೆದಿಡುವುದು), ಲಿಂಕ್ ಉಳಿಸುವುದು, ಈ ಮೂರಕ್ಕೆ ಕೀಲಿ ಕೊಡುವ ಕೆಲಸವನ್ನು ಆರ್ಗ್ ನಿಮಗೇ ಬಿಟ್ಟಿದೆ. ನಿಮ್ಮ ಸೆಟ್ಟಿಂಗ್ ಫೈಲಿನಲ್ಲಿ ಕಂಟ್ರೋಲ್-ಸಿ ಜೊತೆಗೆ ಎ, ಸಿ, ಎಲ್ ಮೂರನ್ನೂ ಕಟ್ಟಿಕೊಳ್ಳಿ. ಅಲ್ಲಿಯವರೆಗೆ ಆಲ್ಟ್-ಎಕ್ಸ್ ಒತ್ತಿ 'ಆರ್ಗ್-ಅಜೆಂಡಾ' ಎಂದು ಟೈಪ್ ಮಾಡಿದರೂ ಸಾಕು.

## ದಿನಾ ಬಳಸುವವರಿಗೆ

ಕರೆಂಟ್ ಹೋಯ್ತು, ಬರೆದದ್ದು ಸೇವ್ ಮಾಡಿರ್ಲಿಲ್ಲ. ಹೋಯ್ತಾ?

ಗಾಬರಿ ಬೇಡ, ಮತ್ತೆ ಬರೆಯಲು ಕೂರಬೇಡಿ. ಇಮ್ಯಾಕ್ಸ್ ಸುಮಾರು 300 ಅಕ್ಷರಕ್ಕೊಮ್ಮೆ, ಇಲ್ಲವೇ ನೀವು 30 ಸೆಕೆಂಡ್ ಕೈ ಬಿಟ್ಟಾಗ, ಪಕ್ಕದಲ್ಲಿ ಒಂದು ನಕಲು ಬರೆದಿಡುತ್ತದೆ. ಅದರ ಹೆಸರಿನ ಎರಡೂ ತುದಿಗೆ ಹ್ಯಾಶ್ ಚಿಹ್ನೆ ಇರುತ್ತದೆ. ಕರೆಂಟ್ ಬಂದ ಮೇಲೆ ಅದೇ ಫೈಲನ್ನು ತೆರೆಯಿರಿ. ಆಟೋ-ಸೇವ್ ಇದೆ ಎಂದು ಕೆಳಗೆ ಸಣ್ಣಗೆ ಒಂದು ಸಾಲು ಬರುತ್ತದೆ. ಬಹಳ ಜನ ಅದನ್ನು ನೋಡದೆ ಟೈಪ್ ಶುರು ಮಾಡುತ್ತಾರೆ. ಅಲ್ಲಿ ನಿಲ್ಲಿ. ಆಲ್ಟ್-ಎಕ್ಸ್, 'ರಿಕವರ್-ದಿಸ್-ಫೈಲ್'. ಎರಡೂ ಫೈಲಿನ ಅಳತೆ, ಸಮಯ ತೋರಿಸಿ ಬದಲಿಸಲಾ ಎಂದು ಕೇಳುತ್ತದೆ. ಹ್ಯಾಶ್ ಇರುವುದು ಹೊಸದಾಗಿದ್ದರೆ 'ಯೆಸ್' ಎಂದು ಪೂರ್ತಿ ಬರೆಯಿರಿ. ತಕ್ಷಣ ಸೇವ್ ಮಾಡಿ.

ಒಂದು ಜುಲೈ ರಾತ್ರಿ ಲೈನಿನ ಮೇಲೆ ಮರ ಬಿದ್ದು ನಮ್ಮ ಮನೆಯ ಕಂಪ್ಯೂಟರ್ ಪಟ್ಟನೆ ಆರಿತು. ಯುಪಿಎಸ್ ಬ್ಯಾಟರಿ ಮೊದಲೇ ಸತ್ತಿತ್ತು. ಒಂದು ವಾರದ ಚೆಕ್‌ರೋಲ್ (ಆಳುಗಳ ಹಾಜರಿ ಪಟ್ಟಿ) ನಕಲು ಮಾಡುತ್ತಿದ್ದೆ. ಮಾರನೇ ಸಂಜೆ ತೆರೆದರೆ ಹೋಗಿದ್ದು ಕೊನೆಯ ಎರಡೇ ಹೆಸರು. ಆಮೇಲೆ 'ಆಟೋ-ಸೇವ್-ವಿಸಿಟೆಡ್-ಮೋಡ್' ಆನ್ ಮಾಡಿದೆ. ಅದು ನಕಲಿಗಲ್ಲ, ನಿಜವಾದ ಫೈಲಿಗೇ ಬರೆಯುತ್ತದೆ. ಮಳೆಗಾಲಕ್ಕೆ ಎಲ್ಲರೂ ಅದನ್ನು ಹಾಕಿಕೊಳ್ಳಿ ಅಂತ ನನ್ನ ಸಲಹೆ.

ದಪ್ಪ ಅಕ್ಷರ ಒಮ್ಮೆ ಬರುತ್ತೆ, ಒಮ್ಮೆ ಬರಲ್ಲ. ನಕ್ಷತ್ರ ಹಾಗೇ ಉಳಿಯುತ್ತೆ!

ನನಗೆ ಅತಿ ಹೆಚ್ಚು ಬಂದ ಪ್ರಶ್ನೆ ಇದು. ಇಂಗ್ಲಿಷಿನವರಿಗೆ ಈ ತೊಂದರೆ ಅಷ್ಟಾಗಿ ಬರುವುದೇ ಇಲ್ಲ.

`*ರೊಬಸ್ಟಾ* ಕುಯ್ಲು` ಎಂದು ಬರೆದರೆ ರೊಬಸ್ಟಾ ದಪ್ಪಗಾಗುತ್ತದೆ. `*ರೊಬಸ್ಟಾ*ವನ್ನು ಕುಯ್ದೆವು` ಎಂದರೆ ಆಗುವುದಿಲ್ಲ. ಮುಚ್ಚುವ ನಕ್ಷತ್ರದ ಪಕ್ಕ ಖಾಲಿ ಜಾಗವೋ, ಅಲ್ಪವಿರಾಮದಂಥ ಚಿಹ್ನೆಯೋ, ಕಿರುಗೆರೆಯೋ ಇರಬೇಕು ಎಂಬುದು ಆರ್ಗ್‌ನ ನಿಯಮ. ನಾವಾದರೋ ಪದದ ಬಾಲಕ್ಕೆ ವಿಭಕ್ತಿ ಅಂಟಿಸದೆ ಒಂದು ವಾಕ್ಯ ಮುಗಿಸುವುದಿಲ್ಲ.

ಮೂರು ದಾರಿ ಇವೆ. ಬಾಲವನ್ನೂ ಸೇರಿಸಿ ಇಡೀ ಪದವನ್ನೇ ದಪ್ಪ ಮಾಡುವುದು ಒಂದು. ನಾನು ಮಾಡುವುದು ಇದನ್ನೇ, ಓದಲೂ ಚೆಂದ. ಎರಡನೆಯದು, ನಡುವೆ ಕಿರುಗೆರೆ ಹಾಕುವುದು. ಸ್ವಲ್ಪ ಅಸಹ್ಯ ಕಾಣುತ್ತದೆ. ಮೂರನೆಯದು, ನಕ್ಷತ್ರ ಮತ್ತು ಬಾಲದ ನಡುವೆ ಕಣ್ಣಿಗೆ ಕಾಣದ ಶೂನ್ಯ ಅಗಲದ ಖಾಲಿ ಜಾಗ ಇಡುವುದು. ಅದಕ್ಕೆ ಕಂಟ್ರೋಲ್-ಎಕ್ಸ್ ಒತ್ತಿ, 8 ಒತ್ತಿ, ಎಂಟರ್ ಒತ್ತಿ, ಆಮೇಲೆ '200ಬಿ' ಎಂದು ಬರೆದು ಮತ್ತೆ ಎಂಟರ್. ಒಂದು ಎಚ್ಚರಿಕೆ: 'ಸೆಟ್‌ನಲ್ಲಿ' ಎಂಬಂಥ ಪದದಲ್ಲಿ ಒತ್ತಕ್ಷರ ಆಗದಂತೆ ತಡೆಯಲು ನಾವು ಹಾಕುವ ಕಾಣದ ಚಿಹ್ನೆ ಬೇರೆ, ಅದರ ಸಂಖ್ಯೆ '200ಸಿ'. ಅದನ್ನು ಹಾಕಿದರೆ ಆರ್ಗ್ ಅದನ್ನು ಖಾಲಿ ಜಾಗ ಎಂದು ಒಪ್ಪುವುದಿಲ್ಲ.

'ಪಂಪ್‌ಸೆಟ್' ಅಂತ ಟ್ಯಾಗ್ ಹಾಕಿದ್ದೆ, ಅದು ತಲೆಬರಹದ ಜೊತೆ ಸೇರಿಕೊಂಡಿದೆ.

ಅದೇ ಕಾಣದ ಚಿಹ್ನೆಯ ಚೇಷ್ಟೆ. ಟ್ಯಾಗಿನಲ್ಲಿ ಅಕ್ಷರ, ಅಂಕಿ, ಅಂಡರ್‌ಸ್ಕೋರ್ ಮತ್ತು ಇನ್ನೆರಡು ಮೂರು ಚಿಹ್ನೆ ಬಿಟ್ಟರೆ ಬೇರೇನೂ ಇರಬಾರದು. ಗುಣಿತ, ಒತ್ತು ಇದ್ದರೆ ತೊಂದರೆ ಇಲ್ಲ. 'ಪಂಪ್' ಮತ್ತು 'ಸೆಟ್' ನಡುವೆ ಕೂತಿರುವ ಚಿಹ್ನೆ ಅಕ್ಷರ ಅಲ್ಲ, ಹಾಗಾಗಿ ಆರ್ಗ್‌ಗೆ ಅದು ಟ್ಯಾಗೇ ಅಲ್ಲ. 'ಪಂಪು', 'ರಿಪೇರಿ', 'ಮೆಣಸು' ಇಂಥ ಪದ ಆರಿಸಿ. ಯಾವುದೇ ಅಕ್ಷರದ ಮೇಲೆ ಕರ್ಸರ್ ಇಟ್ಟು ಕಂಟ್ರೋಲ್-ಎಕ್ಸ್ ಜೊತೆ '=' ಒತ್ತಿದರೆ ಅಲ್ಲಿ ಏನಿದೆ ಎಂದು ಇಮ್ಯಾಕ್ಸ್ ಹೇಳುತ್ತದೆ.

'ಟುಡು', 'ಡನ್' ಬದಲು ಕನ್ನಡ ಪದ ಇಡಬಹುದಾ?

ಧಾರಾಳವಾಗಿ. 'ಆರ್ಗ್-ಟುಡು-ಕೀವರ್ಡ್ಸ್' ಎಂಬಲ್ಲಿ ಬೇಕಾದ್ದು ಬರೆಯಿರಿ. ನನ್ನದು: ಬಾಕಿ, ನಡೀತಿದೆ, ಆಮೇಲೆ ಒಂದು ಉದ್ದಗೀಟು, ಅದರಾಚೆ ಮುಗೀತು, ಬೇಡ. ಉದ್ದಗೀಟಿನ ಆಚೆ ಇರುವುದೆಲ್ಲ ಮುಗಿದ ಕೆಲಸ. ಪದದ ಪಕ್ಕದ ಆವರಣದಲ್ಲಿ ಶಾರ್ಟ್‌ಕಟ್ ಅಕ್ಷರ ಕೊಡುವುದಾದರೆ ಅದು ಇಂಗ್ಲಿಷಿನಲ್ಲೇ ಇರಲಿ. ಬದಲಿಸಿದ ಮೇಲೆ ಫೈಲನ್ನು ಮುಚ್ಚಿ ತೆರೆಯಿರಿ. ತೆರೆದೇ ಇದ್ದ ಫೈಲಿಗೆ ಹೊಸ ಪದ ಗೊತ್ತಿರುವುದಿಲ್ಲ.

ಅಜೆಂಡಾ ಖಾಲಿ ಬರ್ತಿದೆ, ಕೆಲಸ ಮಾತ್ರ ರಾಶಿ ಇದೆ.

ಮೊದಲು ಫೈಲು ಅಜೆಂಡಾ ಪಟ್ಟಿಯಲ್ಲಿ ಇದೆಯಾ ನೋಡಿ. ಇಲ್ಲದಿದ್ದರೆ ಆ ಫೈಲಿನಲ್ಲಿ ನಿಂತು ಕಂಟ್ರೋಲ್-ಸಿ ಜೊತೆ ಎಡ ಚೌಕಾವರಣ ಒತ್ತಿ. ಪಟ್ಟಿಯಲ್ಲಿದ್ದೂ ಕಾಣದಿದ್ದರೆ ಕೆಲಸಕ್ಕೆ ದಿನಾಂಕ ಇಲ್ಲ ಎಂದರ್ಥ. ವಾರದ ನೋಟದಲ್ಲಿ ದಿನಾಂಕ ಇದ್ದದ್ದು ಮಾತ್ರ ಬರುತ್ತದೆ. ಉಳಿದದ್ದಕ್ಕೆ ಅಜೆಂಡಾ ಕರೆದಾಗ ಮೊದಲು ಬರುವ ಆಯ್ಕೆಗಳ ಪಟ್ಟಿಯಲ್ಲಿ 'ಟಿ' ಒತ್ತಿ.

ಪ್ರತಿ ವರ್ಷ ಬರುವ ದಿನಗಳನ್ನು ಒಂದೇ ಸಲ ಹಾಕಿಡೋದು ಹೇಗೆ?

ದಿನಾಂಕದ ಬಾಲಕ್ಕೆ `+1ವೈ` ಹಾಕಿದರೆ ವರ್ಷಕ್ಕೊಮ್ಮೆ ಬರುತ್ತದೆ. ಕೈಲ್‌ಪೊಳ್ದ್ (ಕೊಡವರ ಆಯುಧ ಹಬ್ಬ) ಸೆಪ್ಟೆಂಬರ್ 3, ವಾಹನದ ವಿಮೆ, ಬೆಳೆ ಸಾಲದ ನವೀಕರಣ ಇವಕ್ಕೆಲ್ಲ ಅದು ಸರಿ. ಹುತ್ತರಿ ಹಬ್ಬಕ್ಕೆ ಇದು ನಡೆಯಲ್ಲ. ಅದು ಹುಣ್ಣಿಮೆಯ ಲೆಕ್ಕ, ಕಕ್ಕಬ್ಬೆಯ ಪಾಡಿ ಇಗ್ಗುತಪ್ಪ ದೇವಸ್ಥಾನದಲ್ಲಿ ದಿನ ಗೊತ್ತು ಮಾಡಿದ ಮೇಲೆ ಕೈಯಿಂದಲೇ ಹಾಕಬೇಕು.

ಪಂಪಿನ ಆಯಿಲ್ ಬದಲಿಸುವಂಥ ಕೆಲಸಕ್ಕೆ ಮುಂದೆ ಒಂದು ಚುಕ್ಕಿ ಸೇರಿಸಿ `.+3ಎಂ` ಎಂದು ಬರೆಯಿರಿ. ಆಗ ಮೂರು ತಿಂಗಳು ಎಣಿಸುವುದು ನೀವು ನಿಜವಾಗಿ ಮಾಡಿದ ದಿನದಿಂದ. ಚುಕ್ಕಿ ಇಲ್ಲದಿದ್ದರೆ ಹಳೆಯ ತಾರೀಕಿನಿಂದ ಎಣಿಸುತ್ತದೆ. ಎರಡು ತಿಂಗಳು ತಡವಾಗಿ ಮಾಡಿದ್ದರೆ ಮುಂದಿನ ತಿಂಗಳೇ ಮತ್ತೆ ನೆನಪಿಸಿ ಪ್ರಾಣ ತಿನ್ನುತ್ತದೆ.

ಮಳೆ ಲೆಕ್ಕದ ಪಟ್ಟಿ ಹಾಕಿದೆ. ಅಂಕಿ ಬದಲಿಸಿದರೂ ಮೊತ್ತ ಹಳೇದೇ ಇದೆ.

ಆರ್ಗ್ ಪಟ್ಟಿ ತಾನಾಗಿ ಲೆಕ್ಕ ಹಾಕುವುದಿಲ್ಲ. ಪಟ್ಟಿಯ ಕೆಳಗಿನ ಸೂತ್ರದ ಸಾಲಿನ ಮೇಲೆ ಕರ್ಸರ್ ಇಟ್ಟು ಕಂಟ್ರೋಲ್-ಸಿ ಎರಡು ಸಲ ಒತ್ತಿ.

ಲೆಕ್ಕವೇ ತಪ್ಪು ಬಂದರೆ ಅಂಕಿ ನೋಡಿ. ನಮ್ಮ ಅಪ್ಪನ ಮಳೆ ಡೈರಿಯಲ್ಲಿ '2 ಇಂಚು 45 ಸೆಂಟು' ಎಂದಿರುತ್ತದೆ. ತೋಟದಲ್ಲಿ ಎಲ್ಲರೂ ಬರೆಯುವುದು ಹಾಗೇ. ನಾನು ಮೊದಲು ಹಾಗೇ ಇಳಿಸಿದೆ, ಮೊತ್ತ ಅಂತ ಏನೋ ಉದ್ದದ ಬಾಲ ಬಂತು. ನೂರು ಸೆಂಟಿಗೆ ಒಂದು ಇಂಚು, ಹಾಗಾಗಿ 2.45 ಎಂದು ಬರೆದರೆ ಮುಗಿಯಿತು. 5 ಸೆಂಟು ಅಂದರೆ 0.05, 0.5 ಅಲ್ಲ. ಈ ತಪ್ಪಿನಿಂದ ಒಂದು ವರ್ಷ ನಮ್ಮ ತೋಟದ ಹೂಮಳೆ ಭರ್ಜರಿ ಆಗಿಬಿಟ್ಟಿತ್ತು, ಕಾಗದದ ಮೇಲೆ. ಮಿಲಿಮೀಟರ್ ಬೇಕಾದರೆ ಪಕ್ಕದ ಕಂಬಕ್ಕೆ `$3=$2*25.4` ಎಂಬ ಸೂತ್ರ ಕೊಡಿ. 2.45 ಇಂಚಿಗೆ 62.23 ಮಿಲಿಮೀಟರ್ ಬರಬೇಕು.

ಇನ್ನೊಂದು. ಕನ್ನಡ ಅಂಕಿಗಳು (೨.೪೫) ಲೆಕ್ಕಕ್ಕೆ ಸಿಗುವುದಿಲ್ಲ. ಕನ್ನಡ ಕೀಬೋರ್ಡ್ ಆನ್ ಇದ್ದಾಗ ಗೊತ್ತಾಗದೆ ಅವು ಬಂದಿರಬಹುದು.

ಪಟ್ಟಿಯ ಗೆರೆಗಳು ಸೊಟ್ಟಗಿವೆ, ಎಷ್ಟು ಸಲ ಟ್ಯಾಬ್ ಒತ್ತಿದರೂ ನೆಟ್ಟಗಾಗಲ್ಲ.

ಎಲ್ಲ ಅಕ್ಷರವೂ ಒಂದೇ ಅಗಲ ಎಂದುಕೊಂಡು ಆರ್ಗ್ ಪಟ್ಟಿ ಜೋಡಿಸುತ್ತದೆ. 'ಕ್ಷ್ಮೀ' ಮತ್ತು 'ರ' ಒಂದೇ ಅಗಲ ಆಗುತ್ತವಾ? 'ವಿ-ಅಲೈನ್' ಎಂಬ ಪ್ಯಾಕೇಜ್ ಹಾಕಿ. ಅದು ಪರದೆಯ ಮೇಲೆ ಅಳೆದು ನೆಟ್ಟಗೆ ತೋರಿಸುತ್ತದೆ. ತುಂಬಾ ಉದ್ದದ ಪಟ್ಟಿಯಲ್ಲಿ ಸ್ವಲ್ಪ ನಿಧಾನ. ಹಾಕದೇ ಹೋದರೂ ನಷ್ಟವಿಲ್ಲ, ಪ್ರಕಟಿಸಿದಾಗ ಪಟ್ಟಿ ಸರಿಯಾಗಿಯೇ ಬರುತ್ತದೆ.

ಫೋನಿನಲ್ಲೂ ಅದೇ ಫೈಲು ಬೇಕು. ಎರಡೂ ಕಡೆ ಬರೆದರೆ ಗಲಾಟೆ ಆಗುತ್ತೆ.

ಆಂಡ್ರಾಯ್ಡ್‌ಗೆ ಆರ್ಗ್‌ಜ್ಲಿ ರಿವೈವ್ಡ್ ಇದೆ. ಫೈಲು ಸಾಗಿಸಲು ಸಿಂಕ್‌ಥಿಂಗ್, ಮನೆಯ ವೈಫೈ ಒಂದೇ ಸಾಕು. ತೋಟದಲ್ಲಿ ಫೋನಿನಲ್ಲಿ ಬರೆದು, ಅದು ಸೇರುವ ಮೊದಲೇ ಮನೆಯಲ್ಲೂ ಬರೆದರೆ 'ಸಿಂಕ್-ಕಾನ್‌ಫ್ಲಿಕ್ಟ್' ಎಂಬ ಹೆಸರಿನ ಎರಡನೇ ಫೈಲು ಹುಟ್ಟುತ್ತದೆ. ಅಳಿಸಬೇಡಿ. 'ಈಡಿಫ್-ಫೈಲ್ಸ್' ಕೊಟ್ಟು ಎರಡನ್ನೂ ಪಕ್ಕಪಕ್ಕ ಇಟ್ಟು ಸೇರಿಸಿ. ಇಂಥದ್ದು ಕಡಿಮೆ ಆಗಬೇಕಾದರೆ ಇಮ್ಯಾಕ್ಸ್‌ನಲ್ಲಿ 'ಗ್ಲೋಬಲ್-ಆಟೋ-ರಿವರ್ಟ್-ಮೋಡ್' ಆನ್ ಇರಲಿ. ನಾನು ಇನ್ನೂ ಸುಲಭ ಮಾಡಿಕೊಂಡೆ: ಫೋನಿಗೆ 'ಜೇಬು' ಎಂಬ ಬೇರೆಯೇ ಫೈಲು. ರಾತ್ರಿ ಊಟದ ಮೇಲೆ ಅದರಲ್ಲಿದ್ದದ್ದನ್ನು ಆಯಾ ಜಾಗಕ್ಕೆ ಕಳಿಸುತ್ತೇನೆ.

## ಪ್ರಕಟಿಸುವವರಿಗೆ, ಕೆದಕುವವರಿಗೆ

ಪಿಡಿಎಫ್ ಮಾಡಿದರೆ ಕನ್ನಡವೇ ಇಲ್ಲ, ಖಾಲಿ ಹಾಳೆ.

ಆರ್ಗ್ ಸುಮ್ನೆ ಬಿಟ್ಟರೆ ಪಿಡಿಎಫ್‌ಲೇಟೆಕ್ ಎಂಬ ಹಳೆಯ ಯಂತ್ರ ಬಳಸುತ್ತದೆ. ಅದಕ್ಕೆ ಕನ್ನಡ ಬರುವುದಿಲ್ಲ. 'ಆರ್ಗ್-ಲೇಟೆಕ್-ಕಂಪೈಲರ್' ಅನ್ನು ಝೀಲೇಟೆಕ್‌ಗೆ ಬದಲಿಸಿ. ಫಾಂಟ್‌ಸ್ಪೆಕ್ ಪ್ಯಾಕೇಜ್ ಸೇರಿಸಿ, ಮುಖ್ಯ ಫಾಂಟ್ ನೋಟೋ ಸೆರಿಫ್ ಕನ್ನಡ ಎಂದು ಕೊಡಿ. ಅದರ ಜೊತೆ 'ಸ್ಕ್ರಿಪ್ಟ್=ಕನ್ನಡ' ಎಂದು ಹೇಳುವುದನ್ನು ಮರೆಯಬೇಡಿ, ಮರೆತರೆ ಒತ್ತಕ್ಷರ ಕೆಡುತ್ತದೆ. ಕನ್ನಡ ಬಂದು ನಡುವಿನ ಇಂಗ್ಲಿಷ್ ಪದ ಮಾಯವಾದರೆ ಆ ಫಾಂಟಿನಲ್ಲಿ ಇಂಗ್ಲಿಷ್ ಅಕ್ಷರ ಇಲ್ಲ.

ಇಷ್ಟೆಲ್ಲ ಯಾಕೆ ಅನ್ನಿಸಿದರೆ ಎಚ್‌ಟಿಎಂಎಲ್ ಮಾಡಿ, ಬ್ರೌಸರಿನಲ್ಲಿ ತೆರೆದು, ಪ್ರಿಂಟ್ ಒತ್ತಿ ಪಿಡಿಎಫ್ ಆಗಿ ಉಳಿಸಿ. ಸಹಕಾರ ಸಂಘಕ್ಕೆ ಕೊಡುವ ಕಾಗದಕ್ಕೆ ನಾನು ಮಾಡುವುದು ಇದನ್ನೇ.

ಫೈಲ್ ಹೆಸರಲ್ಲಿ ಅಂಡರ್‌ಸ್ಕೋರ್ ಇದ್ದರೆ ಮುಂದಿನ ಅಕ್ಷರ ಕೆಳಗೆ ಜಾರುತ್ತೆ.

ಅಂಡರ್‌ಸ್ಕೋರ್ ಕಂಡರೆ ಆರ್ಗ್ ಅದನ್ನು ರಸಾಯನ ಶಾಸ್ತ್ರದ ಕೆಳಬರಹ ಅಂದುಕೊಳ್ಳುತ್ತದೆ. ಫೈಲಿನ ತಲೆಯಲ್ಲಿ, ಆಪ್ಷನ್ಸ್ ಸಾಲಿಗೆ `^:{}` ಸೇರಿಸಿ. ಆಮೇಲೆ ಪುಷ್ಪಾವರಣ ಹಾಕಿದರೆ ಮಾತ್ರ ಜಾರುತ್ತದೆ.

ಪುಟದ ಕೊಂಡಿ ಇವತ್ತು ಕೆಲಸ ಮಾಡುತ್ತೆ, ಇನ್ನೊಮ್ಮೆ ಪ್ರಕಟಿಸಿದರೆ ಬೇರೆ ಕಡೆ ಹೋಗುತ್ತೆ.

ತಲೆಬರಹಗಳಿಗೆ ಆರ್ಗ್ ಪ್ರತಿ ಸಲವೂ ಬಾಯಿಗೆ ಬಂದ ಗುರುತು ಕೊಡುತ್ತದೆ. ಬೇರೆಯವರಿಗೆ ಕಳಿಸುವ ಭಾಗಕ್ಕೆ 'ಕಸ್ಟಮ್-ಐಡಿ' ಎಂಬ ಗುಣ ಕೊಟ್ಟು ನಿಮ್ಮದೇ ಹೆಸರಿಡಿ. ಫೈಲಿನಲ್ಲಿ ಅದನ್ನು ಬರೆಯುವಾಗ ನಡುವೆ ಅಂಡರ್‌ಸ್ಕೋರ್.

ಸೈಟಿನ ತಲೆಪಟ್ಟಿ ಬದಲಿಸಿದೆ, ಹಳೆಯ ಪುಟಗಳಲ್ಲಿ ಬದಲಾಗಲೇ ಇಲ್ಲ.

ಬದಲಾಗದ ಫೈಲನ್ನು ಆರ್ಗ್ ಮತ್ತೆ ಪ್ರಕಟಿಸುವುದಿಲ್ಲ. ಯಾವುದು ಯಾವಾಗ ಆಯಿತು ಎಂಬ ಲೆಕ್ಕ ಇಟ್ಟುಕೊಂಡಿರುತ್ತದೆ. ಪ್ರಕಟಿಸುವ ಆಜ್ಞೆಗೆ ಮುಂಚೆ ಕಂಟ್ರೋಲ್-ಯು ಒತ್ತಿ, ಎಲ್ಲವನ್ನೂ ಹೊಸದಾಗಿ ಮಾಡುತ್ತದೆ.

ಆರ್ಗ್ ಅಪ್‌ಡೇಟ್ ಮಾಡಿದ ಮೇಲೆ 'ಆರ್ಗ್-ಅಸರ್ಟ್-ವರ್ಷನ್' ಅಂತ ಬೈಯುತ್ತೆ.

ಇಮ್ಯಾಕ್ಸ್ ಜೊತೆ ಬಂದ ಹಳೆಯ ಆರ್ಗ್, ನೀವು ಹಾಕಿದ ಹೊಸ ಆರ್ಗ್, ಎರಡೂ ಬೆರೆತಿವೆ. ಹಳೆಯದು ನೆನಪಿನಲ್ಲಿ ಇರುವಾಗಲೇ ಹೊಸದನ್ನು ಹಾಕಿದ್ದೀರಿ. ಪ್ಯಾಕೇಜ್ ಫೋಲ್ಡರಿನಿಂದ ಹೊಸ ಆರ್ಗ್ ಅಳಿಸಿ. ಇಮ್ಯಾಕ್ಸನ್ನು 'ಮೈನಸ್ ದೊಡ್ಡ ಕ್ಯೂ' ಕೊಟ್ಟು, ಅಂದರೆ ನಿಮ್ಮ ಸೆಟ್ಟಿಂಗ್ ಯಾವುದೂ ಓದದಂತೆ, ತೆರೆಯಿರಿ. ಯಾವ ಆರ್ಗ್ ಫೈಲನ್ನೂ ಮುಟ್ಟದೆ ಮೊದಲು ಪ್ಯಾಕೇಜ್ ಹಾಕಿ. ಹೊಸ ಆವೃತ್ತಿಯಲ್ಲಿ ನಿಮಗೆ ಬೇಕಾದ್ದು ಏನೂ ಇಲ್ಲದಿದ್ದರೆ ಜೊತೆಯಲ್ಲಿ ಬಂದದ್ದೇ ಸಾಕು.

ಈ ದೊಡ್ಡ ಕ್ಯೂ ಬೇರೆ ರೋಗಕ್ಕೂ ಮದ್ದು. ಏನೇ ಕೆಟ್ಟರೂ ಹೀಗೆ ತೆರೆದು ನೋಡಿ. ಇಲ್ಲಿ ಸರಿ ಇದ್ದರೆ ತಪ್ಪು ನಿಮ್ಮ ಸೆಟ್ಟಿಂಗಿನದ್ದು.

'ಸಣ್ಣದು (<)-ಎಸ್-ಟ್ಯಾಬ್' ಒತ್ತಿದರೆ ಕೋಡ್ ಚೌಕ ಬರ್ತಿತ್ತು, ಈಗ ಬರಲ್ಲ.

9.2 ಆವೃತ್ತಿಯಿಂದ ಅದು ಬೇರೆ ತುಣುಕಾಗಿದೆ. 'ಆರ್ಗ್-ಟೆಂಪೊ' ಸೇರಿಸಿಕೊಳ್ಳಿ, ಇಲ್ಲವೇ ಕಂಟ್ರೋಲ್-ಸಿ, ಕಂಟ್ರೋಲ್-ಅಲ್ಪವಿರಾಮ ರೂಢಿ ಮಾಡಿಕೊಳ್ಳಿ.

ಶೂನ್ಯ ಅಗಲದ ಜಾಗ ಹಾಕಿದ ಪದ ಸಾಲಿನ ಕೊನೆಯಲ್ಲಿ ಮುರಿಯುತ್ತೆ. 'ವನ್ನು' ಕೆಳಗಿನ ಸಾಲಿಗೆ ಬರುತ್ತೆ.

ಇಷ್ಟು ಸೂಕ್ಷ್ಮ ನೋಡಿದವರಿಗೆ ನಮಸ್ಕಾರ. ಆ ಚಿಹ್ನೆ ಇರುವಲ್ಲಿ ಸಾಲು ಮುರಿಯಬಹುದು ಎಂದು ಬ್ರೌಸರ್ ತಿಳಿಯುತ್ತದೆ. ಪುಟದಲ್ಲಿ ಆ ಪದ ಹುಡುಕಿದರೂ ಸಿಗದಿರಬಹುದು. 'ಆರ್ಗ್-ಎಕ್ಸ್‌ಪೋರ್ಟ್-ಫಿಲ್ಟರ್-ಫೈನಲ್-ಔಟ್‌ಪುಟ್-ಫಂಕ್ಷನ್ಸ್' ಎಂಬಲ್ಲಿ ಮೂರು ಸಾಲಿನ ಒಂದು ಫಂಕ್ಷನ್ ಸೇರಿಸಿ, '200ಬಿ' ಇರುವ ಕಡೆಯೆಲ್ಲ ಏನೂ ಇಲ್ಲದಂತೆ ಬದಲಿಸಿ. ದಪ್ಪ ಮಾಡುವ ಕೆಲಸ ಅಷ್ಟರಲ್ಲಿ ಮುಗಿದಿರುತ್ತದೆ.

ಒಂದೇ ಫೈಲಿನಲ್ಲಿ ಮನೆ ಲೆಕ್ಕವೂ ಇದೆ, ಊರಿಗೆ ತೋರಿಸುವುದೂ ಇದೆ. ಮುಚ್ಚಿಡಬಹುದಾ?

ತಲೆಬರಹಕ್ಕೆ 'ನೋಎಕ್ಸ್‌ಪೋರ್ಟ್' ಟ್ಯಾಗ್ ಹಾಕಿದರೆ ಅದು, ಅದರ ಕೆಳಗಿನದ್ದು ಎಲ್ಲ ಪುಟದಲ್ಲಿ ಬರುವುದಿಲ್ಲ. ಆದರೆ ಮೂಲ ಫೈಲಿನಲ್ಲಿ ಹಾಗೇ ಇರುತ್ತದೆ. ನಾನು ಮಾಡಿದ ತಪ್ಪು ಕೇಳಿ. ಪುಟದಲ್ಲಿ ಬಚ್ಚಿಟ್ಟಿದ್ದೇನೆ ಎಂಬ ಧೈರ್ಯದಲ್ಲಿ ಇಡೀ ಫೋಲ್ಡರನ್ನು ಸೈಟಿಗೆ ಏರಿಸಿದೆ. ಮೂಲ ಫೈಲೂ ಹೋಯಿತು. ಲೈನ್ ಮನೆಯವರ ಮುಂಗಡ ಸಾಲದ ಪಟ್ಟಿ ಎರಡು ದಿನ ಯಾರು ಬೇಕಾದರೂ ಓದುವ ಹಾಗಿತ್ತು. ತೋಟದ ಲೆಕ್ಕ ಬರೆಯುವ ರೈಟರ್ ಫೋನ್ ಮಾಡಿ, "ಅಣ್ಣಾ, ನನ್ನ ಹೆಸರಿನ ಮುಂದೆ ಎಂಟು ಸಾವಿರ ಅಂತ ಇದೆ, ಅದು ಆರಲ್ವಾ?" ಎಂದಾಗಲೇ ಗೊತ್ತಾಗಿದ್ದು. ಈಗ ಲೆಕ್ಕ ಬೇರೆ ಫೋಲ್ಡರಿನಲ್ಲಿದೆ, ಸೈಟಿಗೆ ಏರುವುದು ಪ್ರಕಟವಾದ ಪುಟಗಳ ಫೋಲ್ಡರ್ ಮಾತ್ರ. ಅವನ ಲೆಕ್ಕ ಆರೇ ಆಗಿತ್ತು.